ಜಾಲದ ಚಿಲ್ಲರೆ ಸೋಜಿಗಗಳು: ಹೆಕ್ಕುವವರು, ಹಂಚುವವರು, ದಾಟಿಸುವವರು

ಕನ್ನಡ ವರ್ಣಮಾಲೆಯಲ್ಲಿ 'ಠ' ಅಷ್ಟಾಗಿ ಓಡಾಟವಿಲ್ಲದ ಅಕ್ಷರ. ಪಾಠ, ಮಠ, ಹಠ, ಕಂಠ, ಕಠಿಣ ಮುಂತಾದ ಕೆಲವು ಪದಗಳಲ್ಲಿ ಬಂದುಹೋಗುತ್ತದೆ, ಅಷ್ಟೆ. ಆದರೆ ಕನ್ನಡದ ಗಂಧಗಾಳಿಯೂ ಇಲ್ಲದ ಎಷ್ಟೋ ದೇಶಗಳ ಜನ ಅಂತರ್ಜಾಲದ ಹರಟೆಗಳಲ್ಲಿ ಈ ಅಕ್ಷರವನ್ನು ಮತ್ತೆ ಮತ್ತೆ ಬಳಸಿದ್ದಾರೆ. ಎರಡು ಠಕಾರಗಳ ನಡುವೆ ಒಂದು ಅಡಿಗೆರೆ ಎಳೆದರೆ ಠ_ಠ ಎಂಬ ಮುಖ ಮೂಡುತ್ತದೆ. ಹುಬ್ಬು ಗಂಟಿಕ್ಕಿ ದಿಟ್ಟಿಸುತ್ತ 'ಏನಯ್ಯಾ ಇದು ನೀನು ಮಾಡಿದ್ದು?' ಎಂದು ಕೇಳುವಂಥ ಮುಖ ಅದು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿರುವುದರಿಂದ, ಕನ್ನಡ ಫಾಂಟು ಜಗತ್ತಿನ ಬಹುಪಾಲು ಕಂಪ್ಯೂಟರುಗಳೊಳಗೆ ಮೊದಲೇ ಸೇರಿಕೊಂಡಿರುವುದರಿಂದ ಈ ತಮಾಷೆ ಸಾಧ್ಯವಾಯಿತು. ಯಾರೋ ಒಬ್ಬರು ಪರಭಾಷೆಯ ಅಕ್ಷರದಲ್ಲಿ ಕಣ್ಣನ್ನು ಕಂಡರು, ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸಿದರು. ಅಲ್ಲಿಂದ ಅದು ದೇಶ ದೇಶ ಸುತ್ತಿತು.

ಅಂತರ್ಜಾಲ ಜಾಲಾಡುವಾಗ ಕಣ್ಣಿಗೆ ಬಿದ್ದ ಇಂಥ ಚೂರುಪಾರುಗಳನ್ನು 'ಇದನ್ನು ನೋಡಿದಿರಾ?' ಎಂದು ಇತರರಿಗೆ ಕೊಡುವುದು ಇಂದು ಕೋಟ್ಯಂತರ ಜನರ ನಿತ್ಯದ ರೂಢಿ. ಹೊತ್ತು ಕಳೆಯುವ ಚಟ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಸೋಜಿಗ ಕಂಡು ಹಿಗ್ಗುವುದು, ಆ ಹಿಗ್ಗನ್ನು ಹಂಚುವುದು ಕಲಿಕೆಯ ಮೊದಲ ಮೆಟ್ಟಿಲು. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಈ ಹಂಚಿಕೆಯ ಬಗೆ ಬದಲಾಗುತ್ತ ಬಂದು, ಹೆಕ್ಕಿದವರ ಹೆಸರೂ ವಸ್ತುವಿನ ಮೂಲವೂ ದಾರಿಯಲ್ಲೇ ಉದುರಿಹೋಗಿವೆ. ಅದು ಹೇಗಾಯಿತು, ಅದರಿಂದ ಏನು ಕೆಟ್ಟಿತು, ಏನನ್ನು ಮರಳಿ ಪಡೆಯಬಹುದು ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಇದು.

ಅಚ್ಚಿನ ಕಾಲದ ಆಯ್ಕೆ

ಚಿಲ್ಲರೆ ಸೋಜಿಗಗಳ ಸಂಗ್ರಹ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ರಾಬರ್ಟ್ ರಿಪ್ಲೆ ಎಂಬ ವ್ಯಂಗ್ಯಚಿತ್ರಕಾರ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ 1918ರಲ್ಲಿ ಆರಂಭಿಸಿದ 'ನಂಬಿದರೆ ನಂಬಿ' ಬಗೆಯ ಚಿತ್ರಾಂಕಣ ಜಗತ್ತಿನ ನೂರಾರು ಪತ್ರಿಕೆಗಳಿಗೆ ಹಬ್ಬಿತು. 1922ರಲ್ಲಿ ಬಂದ ರೀಡರ್ಸ್ ಡೈಜೆಸ್ಟ್ ಬೇರೆ ಪತ್ರಿಕೆಗಳಿಂದ ಆಯ್ದು ಕೊಡುವುದನ್ನೇ ಕಸುಬಾಗಿಸಿಕೊಂಡಿತು. ನಮ್ಮಲ್ಲಿ 1942ರಲ್ಲಿ ರಾಶಿಯವರು ಹೊರತಂದ 'ಕೊರವಂಜಿ' ನಗೆಗೇ ಮೀಸಲಾದ ಮಾಸಪತ್ರಿಕೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ'ಯಂತೂ ಡೈಜೆಸ್ಟ್ ಮಾದರಿಯನ್ನು ಕನ್ನಡಕ್ಕೆ ಒಗ್ಗಿಸಿತು. ಅದರ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರು ದೇಶವಿದೇಶದ ಓದಿನಿಂದ ಹೆಕ್ಕಿದ್ದನ್ನು ಕನ್ನಡದ ಜಾಯಮಾನಕ್ಕೆ ತಿರುಗಿಸಿ ಕೊಟ್ಟರು. ಲೇಖನ ಮುಗಿದು ಪುಟದಡಿಯಲ್ಲಿ ಉಳಿದ ಬೆರಳಗಲದ ಜಾಗಕ್ಕೂ ನಮ್ಮ ಪತ್ರಿಕೆಗಳು ಒಂದು ನಗೆಹನಿಯನ್ನೋ ವಿಸ್ಮಯದ ತುಣುಕನ್ನೋ ಹೊಂದಿಸುತ್ತಿದ್ದವು. ಎಷ್ಟೋ ಓದುಗರು ಪತ್ರಿಕೆ ಕೈಗೆ ಬಂದೊಡನೆ ಮೊದಲು ಓದುತ್ತಿದ್ದದ್ದು ಅವನ್ನೇ.

ಈ ಸಂಗ್ರಹಗಳ ಹಿಂದೆ ಒಬ್ಬ ಸಂಪಾದಕನಿದ್ದ ಎಂಬುದು ಮುಖ್ಯ. ಅವನು ಮೂಲವನ್ನು ಓದಿರುತ್ತಿದ್ದ, ಹತ್ತರಲ್ಲಿ ಒಂಬತ್ತನ್ನು ಬಿಟ್ಟಿರುತ್ತಿದ್ದ, ತಪ್ಪಾದರೆ ಓದುಗರ ಪತ್ರಕ್ಕೆ ಉತ್ತರ ಕೊಡುತ್ತಿದ್ದ.

ಜಾಲದ ಮೊದಲ ನಗೆ

ಕಂಪ್ಯೂಟರುಗಳು ಪರಸ್ಪರ ಹೆಣೆದುಕೊಂಡ ಕೂಡಲೇ ವಿಜ್ಞಾನಿಗಳು ಸಂಶೋಧನೆಯ ಜತೆಗೆ ತಮಾಷೆಯನ್ನೂ ಕಳಿಸಿಕೊಳ್ಳತೊಡಗಿದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲಿಫ್ಟಿನೊಳಗೆ ಪಾದರಸ ಚೆಲ್ಲಿದೆ ಎಂಬರ್ಥದ ತಮಾಷೆಯೊಂದನ್ನು ಕೆಲವರು ನಿಜವೆಂದೇ ನಂಬಿಬಿಟ್ಟರು. ತಮಾಷೆಗೆ ಒಂದು ಗುರುತು ಬೇಕೆಂಬ ಚರ್ಚೆ ಎದ್ದಾಗ, 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಪ್ರಾಧ್ಯಾಪಕರು ವಿವರಣ ಚಿಹ್ನೆ, ಅಡ್ಡಗೆರೆ, ಆವರಣ ಚಿಹ್ನೆಗಳನ್ನು ಸಾಲಾಗಿಟ್ಟು :-) ಎಂಬ ನಗೆಮುಖವನ್ನು ಸೂಚಿಸಿದರು. ಇಂದಿನ ಎಮೋಜಿಗಳ ಹಿರಿಯಜ್ಜ ಅದು. ಎದುರಿಗೆ ಮುಖ ಕಾಣದಿದ್ದಾಗ ನಗೆ ಅಪಾರ್ಥವಾಗುತ್ತದೆ ಎಂಬ ಪಾಠವನ್ನು ಜಾಲ ತನ್ನ ಬಾಲ್ಯದಲ್ಲೇ ಕಲಿತಿತ್ತು.

1987ರಲ್ಲಿ ಬ್ರಾಡ್ ಟೆಂಪಲ್‌ಟನ್ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ನಗೆಹನಿಗಳ ಒಂದು ಗುಂಪು ತೆರೆದರು. ಓದುಗರು ಕಳಿಸಿದ್ದನ್ನೆಲ್ಲ ತಾವೇ ಓದಿ, ನಗು ಬಂದದ್ದನ್ನು ಮಾತ್ರ ಅವರು ಪ್ರಕಟಿಸುತ್ತಿದ್ದರು. ಒಂದು ಜೋಕು ಜನಾಂಗನಿಂದೆ ಎಂಬ ದೂರು ಬಂದು 1989ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಗುಂಪನ್ನೇ ತಡೆಹಿಡಿಯಿತು. ಕೃತಕ ಬುದ್ಧಿಮತ್ತೆಯ ಪಿತಾಮಹರಲ್ಲಿ ಒಬ್ಬರಾದ ಜಾನ್ ಮೆಕಾರ್ಥಿ ಅದನ್ನು ಪ್ರತಿಭಟಿಸಿದರು, ನಿಷೇಧ ತೆರವಾಯಿತು. ಯಾವುದನ್ನು ನೋಡಿ ನಗಬಹುದು, ಯಾರು ತಡೆಯಬಹುದು ಎಂಬ ಜಗಳಕ್ಕೂ ಹಾಗಾದರೆ ಜಾಲದಷ್ಟೇ ವಯಸ್ಸು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಯಲ್ಲಿ ಕಾಫಿ ಉಳಿದಿದೆಯೇ ಎಂದು ಕೂತಲ್ಲಿಂದಲೇ ನೋಡಲು 1991ರಲ್ಲಿ ಒಂದು ಕ್ಯಾಮೆರಾ ಹೂಡಿದರು. 1993ರಲ್ಲಿ ಆ ಚಿತ್ರ ವೆಬ್‌ಗೆ ಏರಿದಾಗ ಜಗತ್ತಿನ ಮೂಲೆಮೂಲೆಯ ಜನ ಆ ಪಾತ್ರೆಯನ್ನು ನೋಡಿ ಹೋದರು. 2001ರಲ್ಲಿ ಕ್ಯಾಮೆರಾ ನಿಂತಾಗ ಆ ಕಾಫಿ ಯಂತ್ರ ಹರಾಜಿನಲ್ಲಿ 3,350 ಪೌಂಡಿಗೆ ಹೋಯಿತು. ಕ್ಷುಲ್ಲಕವೆನಿಸುವ ಈ ತುಣುಕಿನಲ್ಲಿ ವೆಬ್ ಕ್ಯಾಮೆರಾದ ಇತಿಹಾಸವೇ ಅಡಗಿದೆ. 1997ರಲ್ಲಿ ಜಾರ್ನ್ ಬಾರ್ಗರ್ ಎಂಬವರು ತಾವು ನಿತ್ಯ ಓದಿದ ಒಳ್ಳೆಯ ಪುಟಗಳ ಕೊಂಡಿಗಳನ್ನು ಒಂದೊಂದು ಸಾಲಿನ ಟಿಪ್ಪಣಿಯೊಂದಿಗೆ ಪಟ್ಟಿ ಮಾಡತೊಡಗಿದರು. 'ವೆಬ್‌ಲಾಗ್' ಎಂದು ಅದಕ್ಕೆ ಹೆಸರಿಟ್ಟವರೂ ಅವರೇ. ಬ್ಲಾಗ್ ಎಂದು ನಾವು ಕರೆಯುವ ಪ್ರಕಾರ ಹುಟ್ಟಿದ್ದು ಕಂಡದ್ದನ್ನು ಹಂಚುವುದಕ್ಕಾಗಿ. ಸ್ವಂತದ ಬರವಣಿಗೆ ಆಮೇಲೆ ಬಂದದ್ದು.

ಭಾರತದ ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಡಾ. ಯು.ಬಿ. ಪವನಜ ಅವರ 'ವಿಶ್ವಕನ್ನಡ' ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯಾಗಿ ಬಂತು. ಆಗ ಕನ್ನಡ ಅಕ್ಷರಗಳದ್ದೇ ದೊಡ್ಡ ತೊಡಕು. ಒಬ್ಬರ ಫಾಂಟು ಇನ್ನೊಬ್ಬರಲ್ಲಿ ಇಲ್ಲದೆ ಪುಟವೆಲ್ಲ ಚಿತ್ರವಿಚಿತ್ರ ಗುರುತುಗಳಾಗುತ್ತಿತ್ತು. ಹಾಗಾಗಿ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಕನ್ನಡ ಜೋಕು ಇಂಗ್ಲಿಷ್ ಲಿಪಿ ಹೊದ್ದುಕೊಂಡೇ ಇಮೇಲ್ ಹತ್ತುತ್ತಿತ್ತು. 1998ರಲ್ಲಿ ಬಂದ 'ಬರಹ' ತಂತ್ರಾಂಶ, ಆಮೇಲೆ ನೆಲೆಗೊಂಡ ಯೂನಿಕೋಡ್ ಆ ಕಷ್ಟವನ್ನು ಕಳೆದವು. 2000ದ ದಶಕದಲ್ಲಿ ಅಮೆರಿಕದಲ್ಲಿ ಕುಳಿತ ಶ್ರೀವತ್ಸ ಜೋಶಿಯವರು 'ದಟ್ಸ್‌ಕನ್ನಡ' ತಾಣಕ್ಕೆ ಬರೆದ 'ವಿಚಿತ್ರಾನ್ನ' ಅಂಕಣ ಓದುಗರು ಕಳಿಸಿದ ಪದಚಮತ್ಕಾರ, ನೆನಪು, ಪ್ರಶ್ನೆಗಳನ್ನೂ ಒಳಗೊಳ್ಳುತ್ತ ಸಾಗಿತು. ಕನ್ನಡದಲ್ಲಿ ಹೆಕ್ಕಿ ಹಂಚುವ ಕಲೆಗೆ ಅದು ಒಳ್ಳೆಯ ಮಾದರಿ.

ನಗಿಸಿ, ಆಮೇಲೆ ತಿಳಿಸುವಂಥವು

ಹಂಚಲು ಯೋಗ್ಯವಾದ ಸೋಜಿಗ ಮೊದಲು ನಗಿಸುತ್ತದೆ, ನಗು ಇಳಿದ ಮೇಲೆ ಒಂದು ವಿಷಯದ ಒಳಕ್ಕೆ ಕರೆದೊಯ್ಯುತ್ತದೆ. ಕೆಲವು ಉದಾಹರಣೆಗಳನ್ನು ನೋಡಿ.

2001ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾಡೆ ಮತ್ತು ಬಿ.ಎಸ್. ಶ್ರೀಹರಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು. ಹದಿಹರೆಯದವರಲ್ಲಿ ಮೂಗಿನೊಳಗೆ ಬೆರಳಾಡಿಸುವ ಅಭ್ಯಾಸ ಎಷ್ಟಿದೆ ಎಂಬುದು ಅವರ ಅಧ್ಯಯನದ ವಿಷಯ. ನಾಲ್ಕು ಶಾಲೆಗಳ 200 ವಿದ್ಯಾರ್ಥಿಗಳನ್ನು ಕೇಳಿದರೆ ಹೆಚ್ಚೂಕಡಿಮೆ ಎಲ್ಲರೂ ಒಪ್ಪಿಕೊಂಡರು. ದಿನಕ್ಕೆ ನಾಲ್ಕು ಬಾರಿ ಎಂಬುದು ನಡುಮಟ್ಟ. 100ರಲ್ಲಿ ಏಳೆಂಟು ಮಂದಿ 20ಕ್ಕೂ ಹೆಚ್ಚು ಬಾರಿ. ಕೇಳಿ ನಕ್ಕವರು ಮುಂದಕ್ಕೆ ಓದಿದರೆ, ಸಹಜ ಅಭ್ಯಾಸವೊಂದು ಎಲ್ಲಿ ಗೀಳಾಗುತ್ತದೆ ಎಂಬ ಮನೋವೈದ್ಯಶಾಸ್ತ್ರದ ಗಂಭೀರ ಪ್ರಶ್ನೆ ಎದುರಾಗುತ್ತದೆ. ಗೀಳನ್ನು ಗುರುತಿಸಬೇಕಾದರೆ ಸಹಜ ಯಾವುದೆಂದು ಮೊದಲು ಗೊತ್ತಿರಬೇಕಲ್ಲ. ಅಯಸ್ಕಾಂತದ ಬಲದಿಂದ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ 2000ದಲ್ಲಿ ಇದೇ ಇಗ್ ನೊಬೆಲ್ ಪಡೆದ ಆಂಡ್ರೆ ಗೈಮ್, ಗ್ರಾಫೀನ್ ಸಂಶೋಧನೆಗಾಗಿ 2010ರಲ್ಲಿ ಅಸಲಿ ನೊಬೆಲ್ ಅನ್ನೇ ಹಂಚಿಕೊಂಡರು.

1932ರಲ್ಲಿ ಆಸ್ಟ್ರೇಲಿಯಾ ಎಮು ಹಕ್ಕಿಗಳ ಮೇಲೆ ಸೈನಿಕರನ್ನು ಕಳಿಸಿ ಸೋತ ಕತೆ ಜಾಲದ ಅಚ್ಚುಮೆಚ್ಚಿನ ಸೋಜಿಗಗಳಲ್ಲಿ ಒಂದು. ಎರಡು ಮೆಷಿನ್ ಗನ್, 10,000 ಗುಂಡು, ಎದುರಿಗೆ ಸುಮಾರು 20,000 ಹಕ್ಕಿಗಳು. ಚದುರಿ ಓಡುವ ಹಕ್ಕಿಗಳ ಮುಂದೆ ಬಂದೂಕು ಕೆಲಸಕ್ಕೆ ಬರಲಿಲ್ಲ. ಆದರೆ ಹಿಂದಿನ ಕತೆ ಬೇರೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಪಶ್ಚಿಮ ಆಸ್ಟ್ರೇಲಿಯಾದ ಒಣನೆಲವನ್ನು ಕೊಟ್ಟಿತ್ತು. ಮಹಾ ಆರ್ಥಿಕ ಕುಸಿತದಲ್ಲಿ ಗೋಧಿಯ ಬೆಲೆ ನೆಲ ಕಚ್ಚಿತ್ತು. ಉಳಿದ ಬೆಳೆಗೆ ಹಕ್ಕಿಗಳು ಬಿದ್ದಾಗ ಆ ಮಾಜಿ ಸೈನಿಕರು ತಮಗೆ ಗೊತ್ತಿದ್ದ ಬಂದೂಕನ್ನೇ ಕೇಳಿದರು. ನಗೆಯ ಕತೆಯೊಳಗೆ ಕಂಗೆಟ್ಟ ರೈತರ ಇತಿಹಾಸವಿದೆ.

ಇನ್ನೊಂದು, ತಂತ್ರಜ್ಞರ ತಮಾಷೆ. ಅಂತರ್ಜಾಲದ ನಿಯಮಗಳನ್ನು ಬರೆಯುವ ದಾಖಲೆಗಳ ಸಾಲಿನಲ್ಲಿ 1990ರ ಏಪ್ರಿಲ್ 1ರಂದು, ಪಾರಿವಾಳಗಳ ಕಾಲಿಗೆ ಕಟ್ಟಿ ದತ್ತಾಂಶ ಕಳಿಸುವ ವಿಧಾನವನ್ನು ಸಕಲ ಶಾಸ್ತ್ರೋಕ್ತವಾಗಿ ವಿವರಿಸುವ ದಾಖಲೆಯೊಂದು ಸೇರಿತು. 2001ರಲ್ಲಿ ನಾರ್ವೆಯ ಬರ್ಗನ್ ನಗರದ ಉತ್ಸಾಹಿಗಳು ಅದನ್ನು ನಿಜಕ್ಕೂ ಮಾಡಿ ನೋಡಿದರು. ಒಂಬತ್ತು ಸಂದೇಶಗಳಲ್ಲಿ ನಾಲ್ಕಕ್ಕೆ ಉತ್ತರ ಬಂತು, ಅದೂ ಸುಮಾರು ಒಂದರಿಂದ ಎರಡು ಗಂಟೆ ತಡವಾಗಿ. ಸಂದೇಶವನ್ನು ಯಾವ ವಾಹನ ಹೊರುತ್ತದೆ ಎಂಬುದಕ್ಕೂ ಅಂತರ್ಜಾಲದ ನಿಯಮಕ್ಕೂ ಸಂಬಂಧವಿಲ್ಲ ಎಂಬ ಮೂಲತತ್ವವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಇಲ್ಲ.

ಮನುಷ್ಯರ ಕೈಯಿಂದ ಯಂತ್ರಕ್ಕೆ

2000ದ ದಶಕದಲ್ಲಿ ಹೆಕ್ಕುವ ಕೆಲಸ ಒಬ್ಬರಿಂದ ಹಲವರಿಗೆ ಹೋಯಿತು. ಗುಂಡಿ ಒತ್ತಿದರೆ ಗೊತ್ತುಗುರಿಯಿಲ್ಲದ ಪುಟವೊಂದನ್ನು ತೆರೆದುಕೊಡುತ್ತಿದ್ದ ಸ್ಟಂಬಲ್‌ಅಪಾನ್, ಮೆಚ್ಚಿದ ಕೊಂಡಿಗಳನ್ನು ಎಲ್ಲರೆದುರು ಕೂಡಿಡುವ ಡಿಲೀಷಿಯಸ್, ಓದುಗರ ಮತದಿಂದ ಮೇಲೆ ಕೆಳಗೆ ಹೋಗುವ ಪಟ್ಟಿಗಳ ರೆಡಿಟ್ ಎಲ್ಲವೂ ಈ ಅವಧಿಯವು. ಆಗಲೂ ಆಯ್ಕೆ ಮನುಷ್ಯರದ್ದೇ. 2009ರಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನೂ ಟ್ವಿಟರ್ ರೀಟ್ವೀಟ್ ಗುಂಡಿಯನ್ನೂ ತಂದವು. ಓದಿ, ಒಂದು ಮಾತು ಸೇರಿಸಿ, ನಕಲು ಮಾಡಿ ಅಂಟಿಸುವಷ್ಟು ಹೊತ್ತು ಹಿಡಿಯುತ್ತಿದ್ದ ಹಂಚಿಕೆ ಒಂದು ಬೆರಳೊತ್ತಿಗೆ ಇಳಿಯಿತು. ರೀಟ್ವೀಟ್ ಗುಂಡಿಯನ್ನು ಕಟ್ಟಿದ ತಂಡದ ಮುಖ್ಯಸ್ಥ ಕ್ರಿಸ್ ವೆದರೆಲ್, ಹತ್ತು ವರ್ಷಗಳ ಬಳಿಕ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ಮೆಚ್ಚಿದ ತಾಣಗಳ ಹೊಸ ಬರಹಗಳನ್ನು ಒಂದೆಡೆ ಕೂಡಿಸಿಕೊಡುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು, 2018ರಲ್ಲಿ ಸ್ಟಂಬಲ್‌ಅಪಾನ್. ಈಗ ನಮ್ಮ ಮುಂದೆ ಏನು ಬರಬೇಕೆಂದು ನಿರ್ಧರಿಸುವುದು ನಮ್ಮ ಹಿಂದಿನ ಬೆರಳೊತ್ತುಗಳನ್ನು ಲೆಕ್ಕ ಹಾಕುವ ಅಲ್ಗಾರಿದಮ್.

ಲೆಕ್ಕಕ್ಕೆ ಸಿಗುವುದು ಯಾವುದು? ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಬರಹಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆರಗು, ಸಿಟ್ಟು, ಆತಂಕದಂತೆ ಮನಸ್ಸನ್ನು ಕೆರಳಿಸುವ ಭಾವ ಇರುವ ಬರಹಗಳು ಹೆಚ್ಚು ಹಂಚಿಕೆಯಾಗುತ್ತವೆ, ದುಃಖದಂತೆ ಕುಗ್ಗಿಸುವಂಥವು ಕಡಿಮೆ. ಬೆರಗು ಆ ಪಟ್ಟಿಯಲ್ಲಿ ಇರುವುದು ಸಂತೋಷದ ಸಂಗತಿ. ಆದರೆ ಬೆರಗಿಗೆ ನಿಜವೇ ಆಗಬೇಕೆಂದಿಲ್ಲ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1.26 ಲಕ್ಷ ಸುದ್ದಿಗಳನ್ನು ಎಂಐಟಿಯ ಸಂಶೋಧಕರು ಅಳೆದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಹೆಚ್ಚು ಎಂಬುದು ಅವರ ಲೆಕ್ಕ. ಸುಳ್ಳು ಹೊಸದಾಗಿ ಕಾಣುತ್ತದೆ, ಹೊಸದು ಕೈಯಿಂದ ಕೈಗೆ ಬೇಗ ದಾಟುತ್ತದೆ.

'ಎಲ್ಲೋ ಓದಿದ್ದು'

ನಮ್ಮಲ್ಲಿ ಈ ದಾಟಿಸುವಿಕೆಯ ಮುಖ್ಯ ಹಾದಿ ವಾಟ್ಸ್‌ಆ್ಯಪ್. ಮನೆಯವರ ಗುಂಪು, ಬಡಾವಣೆಯ ಗುಂಪು, ಹಳೆ ವಿದ್ಯಾರ್ಥಿಗಳ ಗುಂಪು, ಎಲ್ಲದರಲ್ಲೂ ಬೆಳಗಿನ ಶುಭೋದಯದ ಬೆನ್ನಿಗೆ ಒಂದಷ್ಟು ಸೋಜಿಗ ಬರುತ್ತವೆ. ಕೊನೆಯಲ್ಲಿ 'ಎಲ್ಲೋ ಓದಿದ್ದು', 'ಸಂಗ್ರಹ', 'ವಾಟ್ಸ್‌ಆ್ಯಪ್ ಕೃಪೆ' ಎಂಬ ಸಹಿ. ಬರೆದವರ ಹೆಸರನ್ನು ಅಳಿಸಿ ಹಂಚುವುದು ಕನ್ನಡದ ನಗೆಬರಹಗಾರರಿಗೆ ಆಗಿರುವ ನಿತ್ಯದ ಅನ್ಯಾಯ. ಅದರ ಜತೆಗೆ, ಹೆಸರು ಹೋದ ಬರಹದ ಸತ್ಯವನ್ನು ಪರೀಕ್ಷಿಸುವ ದಾರಿಯೂ ಮುಚ್ಚುತ್ತದೆ.

ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಅತ್ಯುತ್ತಮವೆಂದು ಯುನೆಸ್ಕೊ ಘೋಷಿಸಿದೆ ಎಂಬ ಸಂದೇಶ ವರ್ಷಗಟ್ಟಲೆ ಸುತ್ತಿತು. ಅಂಥ ಘೋಷಣೆ ಮಾಡಿಲ್ಲವೆಂದು ಯುನೆಸ್ಕೊ ಹೇಳಿದ ಮೇಲೂ ನಿಲ್ಲಲಿಲ್ಲ. 'ದೀಪಾವಳಿಯ ರಾತ್ರಿ ಆಕಾಶದಿಂದ ಕಂಡ ಭಾರತ' ಎಂದು ಪ್ರತಿವರ್ಷ ಬರುವ ಬಣ್ಣಬಣ್ಣದ ಚಿತ್ರ, ಅಮೆರಿಕದ ವಿಜ್ಞಾನಿ ಕ್ರಿಸ್ ಎಲ್ವಿಜ್ 1992ರಿಂದ 2003ರವರೆಗಿನ ಉಪಗ್ರಹ ದತ್ತಾಂಶವನ್ನು ಕೂಡಿಸಿ, ಊರುಗಳ ಬೆಳಕು ಹೇಗೆ ಹಬ್ಬಿತೆಂದು ತೋರಿಸಲು ಮಾಡಿದ ನಕ್ಷೆ. ಒಂದೊಂದು ಬಣ್ಣ ಒಂದೊಂದು ಅವಧಿಯದ್ದು. ದೀಪಾವಳಿಯ ಹೆಚ್ಚುವರಿ ಬೆಳಕು ಆಕಾಶದಿಂದ ಕಾಣುವಷ್ಟು ದೊಡ್ಡದಲ್ಲ ಎಂದು 2012ರಲ್ಲಿ ನಾಸಾ ಸ್ಪಷ್ಟಪಡಿಸಿತು. ಹತ್ತು ವರ್ಷಗಳಲ್ಲಿ ನಮ್ಮ ಊರುಗಳ ಬೆಳಕು ಹೇಗೆ ಹಬ್ಬಿತೆಂಬ ನಿಜವಾದ ಸೋಜಿಗವನ್ನು ಸುಳ್ಳು ಶೀರ್ಷಿಕೆ ನುಂಗಿಹಾಕಿತು. ಪಕ್ಕದ ಗೋವಾದಲ್ಲಿ 1640–41ರಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ನಡೆಯಿತೆನ್ನಲಾದ 'ಬಿಚೋಲಿಂ ಸಂಘರ್ಷ'ದ ಲೇಖನ ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರಿಂದ 2012ರವರೆಗೆ 'ಉತ್ತಮ ಲೇಖನ' ಎಂಬ ಮುದ್ರೆಯೊಂದಿಗೆ ಇತ್ತು. ಆ ಯುದ್ಧ ನಡೆದೇ ಇರಲಿಲ್ಲ. ಆಧಾರವೆಂದು ಕೊಟ್ಟಿದ್ದ ಪುಸ್ತಕಗಳನ್ನು ಯಾರೋ ಒಬ್ಬರು ಹುಡುಕಲು ಹೋದಾಗ ಬಣ್ಣ ಬಯಲಾಯಿತು.

ಸಂದರ್ಭ ಕಳಚಿದರೆ ಎಂಥ ಅನಾಹುತವಾಗಬಹುದು ಎಂಬುದನ್ನು 2018 ತೋರಿಸಿತು. ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗಾಗಿ ಒಂದು ಕಿರುಚಿತ್ರ ತಯಾರಾಗಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗಿ, ಕೊನೆಗೆ ಮರಳಿ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಕತ್ತರಿಸಿದ ತುಣುಕು ಭಾರತದ ಮೊಬೈಲುಗಳಿಗೆ ನಿಜವಾದ ಅಪಹರಣವಾಗಿ ಬಂತು. ಮಕ್ಕಳ ಕಳ್ಳರ ವದಂತಿ ದೇಶದ ಹಲವೆಡೆ ಅಮಾಯಕರ ಜೀವ ತೆಗೆಯಿತು. ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಂಡದಲ್ಲಿದ್ದ ಯುವ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ತಂದಿತು. 2020ರಲ್ಲಿ, ಬಹಳ ಸಲ ದಾಟಿ ಬಂದ ಸಂದೇಶಗಳಿಗೆ ಒಂದೇ ಕಡೆ ಎಂಬ ಮಿತಿ ಬಂತು. ಅಂಥ ಸಂದೇಶಗಳು ಶೇ 70ರಷ್ಟು ಇಳಿದವೆಂದು ಕಂಪನಿಯೇ ಹೇಳಿತು. ಒಂದು ಕ್ಷಣ ತಡೆದರೆ ಎಷ್ಟು ಕೆಡುಕು ತಪ್ಪುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯಾರನ್ನು ನೋಡಿ ನಗುತ್ತಿದ್ದೇವೆ?

2016ರ ಸಿನಿಮಾ ಸಮಾರಂಭವೊಂದರಲ್ಲಿ ರಾಜಕೀಯ ನಾಯಕರೊಬ್ಬರು ವೇದಿಕೆಯಿಂದ ಮಗನನ್ನು 'ಎಲ್ಲಿದ್ದೀಯಪ್ಪ' ಎಂದು ಕರೆದ ತುಣುಕು, 2019ರ ಮಂಡ್ಯ ಚುನಾವಣೆಯ ಹೊತ್ತಿಗೆ ಮೀಮ್ ಆಗಿ ನಾಡನ್ನೆಲ್ಲ ನಗಿಸಿತು. ಅಧಿಕಾರದಲ್ಲಿರುವವರು ಇಂಥ ನಗೆಗೆ ಗುರಿಯಾಗುವುದು ಪ್ರಜಾಪ್ರಭುತ್ವದ ಆರೋಗ್ಯದ ಲಕ್ಷಣ. 'ಕೊರವಂಜಿ'ಯ ಪರಂಪರೆಯೂ ಅದೇ. ಆದರೆ ಕೆನಡಾದ ಶಾಲಾ ಬಾಲಕನೊಬ್ಬನ ವಿಷಯ ಬೇರೆ. 2002ರಲ್ಲಿ ಅವನು ಕೋಲು ತಿರುಗಿಸುತ್ತ ಸ್ಟಾರ್ ವಾರ್ಸ್ ವೀರನಂತೆ ಆಡಿದ್ದನ್ನು ತಾನೊಬ್ಬನೇ ಚಿತ್ರಿಸಿಕೊಂಡಿದ್ದ. ಸಹಪಾಠಿಗಳು ಮರುವರ್ಷ ಅದನ್ನು ಜಾಲಕ್ಕೆ ಹಾಕಿದರು. ಜಗತ್ತು ನಕ್ಕಿತು, ಅವನು ಶಾಲೆ ಬಿಟ್ಟು ಚಿಕಿತ್ಸೆ ಪಡೆಯಬೇಕಾಯಿತು. ಇಂದು ನಮ್ಮ ರೀಲ್ಸ್‌ಗಳಲ್ಲಿ ಮಾತು ತೊದಲುವವರು, ಕುಡಿದು ತೂರಾಡುವವರು, ಮಾನಸಿಕ ಅಸ್ವಸ್ಥರು, ಇಂಗ್ಲಿಷ್ ತಪ್ಪಾಡುವ ಹಳ್ಳಿಯವರು ನಗೆಯ ಸರಕಾಗುತ್ತಿದ್ದಾರೆ. ಒಪ್ಪಿಗೆ ಕೊಡದವರನ್ನು, ಎದುರಾಡಲಾರದವರನ್ನು ತೋರಿಸಿ ನಗಿಸುವುದು ಹಿಂಸೆ. ಅದನ್ನು ದಾಟಿಸಿದವರಿಗೂ ಅದರಲ್ಲಿ ಪಾಲಿದೆ.

ಅಳಿಯುವುದು, ಉಳಿಸುವುದು

ಜಾಲಕ್ಕೆ ಬಂದದ್ದು ಎಂದೂ ಅಳಿಯದು ಎಂಬುದು ತಪ್ಪು ತಿಳಿವಳಿಕೆ. 2013ರಲ್ಲಿದ್ದ ವೆಬ್‌ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿಲ್ಲವೆಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಫಾಲ್‌ಮನ್ ಅವರ ನಗೆಮುಖದ ಮೂಲ ಸಂದೇಶವೇ ಇಪ್ಪತ್ತು ವರ್ಷ ಕಾಣೆಯಾಗಿತ್ತು. 2002ರಲ್ಲಿ ಹಳೆಯ ಟೇಪುಗಳನ್ನು ತಡಕಿ ಅದನ್ನು ಹೊರತೆಗೆದರು. ಕನ್ನಡದ ಪಾಡು ಇನ್ನೂ ಕಷ್ಟ. ಯೂನಿಕೋಡ್‌ಗೆ ಮುನ್ನ ಬೇರೆಬೇರೆ ಫಾಂಟುಗಳಲ್ಲಿ ಮೂಡಿಸಿದ ಪುಟಗಳು ಉಳಿದಿದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ. 1996ರಲ್ಲಿ ಬ್ರೂಸ್ಟರ್ ಕೇಲ್ ಕಟ್ಟಿದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಒಂದು ಪುಟದ ವಿಳಾಸ ಕೊಟ್ಟು ಅದರ ಪ್ರತಿಯನ್ನು ಕಾಪಿಡಬಹುದು. ಮೆಚ್ಚಿದ ಕನ್ನಡ ಪುಟಗಳಿಗೆ ನಾವು ಮಾಡಬಹುದಾದ ಅತಿ ಸುಲಭದ ಸೇವೆ ಇದು.

ಒಳ್ಳೆಯ ಮಾದರಿಗಳು ಇಂದಿಗೂ ಇವೆ. ಮರಿಯಾ ಪೊಪೋವಾ 2006ರಲ್ಲಿ ಏಳು ಮಂದಿ ಗೆಳೆಯರಿಗೆ ವಾರಕ್ಕೊಂದು ಇಮೇಲ್ ಕಳಿಸುತ್ತ ಆರಂಭಿಸಿದ ಓದಿನ ಸಂಗ್ರಹ ಇಂದು ಲಕ್ಷಾಂತರ ಓದುಗರ ತಾಣ. ತಮಗೆ ವಿಷಯ ತೋರಿಸಿಕೊಟ್ಟವರ ಋಣವನ್ನು ಸೂಚಿಸಲು ಎಲ್ಲರೂ ಬಳಸಬಹುದಾದ ಗುರುತುಗಳನ್ನೂ ಅವರು 2012ರಲ್ಲಿ ಮುಂದಿಟ್ಟರು. ವಿಕಿಪೀಡಿಯದ ಮೂಲೆಯಲ್ಲಿ ಬಿದ್ದಿರುವ ವಿಚಿತ್ರ ಲೇಖನಗಳನ್ನು ಆನಿ ರೌವೆರ್ಡಾ 2020ರಿಂದ ಹೆಕ್ಕಿ ತೋರಿಸುತ್ತಿದ್ದಾರೆ. ಕನ್ನಡದಲ್ಲಿ ಇಂಥ ಕೆಲಸಕ್ಕೆ ಜಾಗ ಧಾರಾಳವಾಗಿದೆ. ನಮ್ಮ ಶಾಸನಗಳಲ್ಲಿ, ಹಳೆಯ ಗೆಜೆಟಿಯರುಗಳಲ್ಲಿ, ಡಿಜಿಟಲ್ ಆದ ಪತ್ರಿಕೆಗಳ ಪುಟಗಳಲ್ಲಿ ನಗಿಸುವ, ಬೆರಗಾಗಿಸುವ ಸಾವಿರ ಸಂಗತಿಗಳು ಕಾದಿವೆ. ಹೆಕ್ಕುವ ಕೈಗಳು ಸಾಲವು.

ಕೃತಕ ಬುದ್ಧಿಮತ್ತೆ ಚಿತ್ರ ಬರೆಯುವ ಈ ಕಾಲದಲ್ಲಿ ಮೂಲ ತಿಳಿಸಿ ಹಂಚುವುದರ ತುರ್ತು ಹೆಚ್ಚಾಗಿದೆ. 2023ರಲ್ಲಿ ಪೋಪ್ ಫ್ರಾನ್ಸಿಸ್ ದಪ್ಪನೆಯ ಬಿಳಿ ಜಾಕೆಟ್ ತೊಟ್ಟ ಚಿತ್ರ ಜಗತ್ತನ್ನೇ ನಂಬಿಸಿತು. ಅದು ಯಂತ್ರ ಬರೆದ ಚಿತ್ರ. ಇನ್ನು ಮುಂದೆ ಸೋಜಿಗಕ್ಕೆ ಬೆಲೆ ಬರುವುದು ಅದನ್ನು ಕೊಟ್ಟವರ ವಿಶ್ವಾಸಾರ್ಹತೆಯಿಂದ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹಂಚುವುದನ್ನು ನಿಲ್ಲಿಸಬೇಡಿ. ಆದರೆ ಹಂಚುವ ಮುನ್ನ ಪೂರ್ತಿ ಓದಿ, ಮೂಲದ ಕೊಂಡಿ ಇಡಿ, ಬರೆದವರ ಹೆಸರು ಉಳಿಸಿ, ನಿಮಗೇಕೆ ಹಿಡಿಸಿತೆಂದು ನಿಮ್ಮದೇ ಒಂದು ಸಾಲು ಸೇರಿಸಿ. ಬಡವರನ್ನೂ ಬಲಹೀನರನ್ನೂ ಆಡಿಕೊಳ್ಳುವ ತುಣುಕು ಬಂದರೆ ನಿಮ್ಮಲ್ಲೇ ಅದಕ್ಕೆ ಕೊನೆಯಾಗಲಿ. 'ಎಲ್ಲೋ ಓದಿದ್ದು' ಎಂದು ಬರೆಯುವ ಜಾಗದಲ್ಲಿ 'ಇಂಥಲ್ಲಿ ಓದಿದ್ದು' ಎಂದು ಬರೆಯಿರಿ.